ಲೆಕ್ಕಕ್ಕೆ ಮೀರಿದ ಹನ್ನೊಂದು ಸೇರು

ಹೊಲದ ನಡುವೆ ಕುಕ್ಕರುಗಾಲಲ್ಲಿ ಕೂತು ಸಸಿಗಳ ಜೊತೆ ಜಗಳವಾಡುವ ಗಂಡಸನ್ನು ಕಾಶೆವ್ವ ತನ್ನ ಹತ್ತೊಂಬತ್ತು ವರ್ಷದಲ್ಲಿ ಅಂದೇ ಮೊದಲು ನೋಡಿದ್ದು.

"ಇದೇನಿದು? ಅಲ್ಲಾ, ಇದೇನಿದು ಅಂತೀನಿ! ಕಡಲಿ ಎಲ್ಲಿಂದ ಬಂತಿಲ್ಲಿ?"

ಕೋಟು, ಕರಿ ಟೊಪ್ಪಿಗೆ, ಮೊಣಕಾಲ ತನಕ ಮೆತ್ತಿದ ಎರೆಮಣ್ಣು. ಕಾಶೆವ್ವ ತಲೆಯ ಮೇಲಿನ ಬುತ್ತಿಯ ಗಂಟನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬದುವಿನ ಮೇಲೆ ನಿಂತಳು. ಈತನೇ ಹುಕ್ಕೇರಿಯ ಶಿದ್ರಾಮ ಎಂದು ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಮೂಡಲಗಿಯ ಜನ ಅವನಿಗೆ ಆಗಲೇ 'ಚೀಟಿ ಮಾಸ್ತರ' ಎಂದು ಹೆಸರಿಟ್ಟಾಗಿತ್ತು. ಹೆಸರಿಡುವುದರಲ್ಲಿ ನಮ್ಮ ಊರಿನವರನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಬಿಡಿ.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ, ದೀಪಾವಳಿ ಮುಗಿದು ಹದಿನೈದು ದಿನ. ಹುಕ್ಕೇರಿಯ ಬೀಜ ಸುಧಾರಣಾ ಸಂಘದವರು ಬಿಳಿಜೋಳಕ್ಕೆ ಕುರಿಗೊಬ್ಬರ ಎಷ್ಟು ಉಪಯೋಗವೆಂದು ತಿಳಿಯಲು ಒಂದು ಪ್ರಯೋಗ ಹೂಡಿದ್ದರು. ಅದಕ್ಕೆ ಹೊಲ ಕೊಟ್ಟವನು ಕಾಶೆವ್ವನ ಅಪ್ಪ ದುಂಡಪ್ಪ. ಪುಣೆಯಲ್ಲಿ ಒಕ್ಕಲುತನದ ಕಾಲೇಜು ಕಲಿತು ಬಂದ ಶಿದ್ರಾಮ ಒಂದೆಕರೆಯನ್ನು ಸರಿಯಾಗಿ ಎಂಟು ತುಂಡು ಮಾಡಿ, ಯಾವ ನಾಲ್ಕರಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿಹಿಂಡು ತರುಬಬೇಕು, ಯಾವ ನಾಲ್ಕಕ್ಕೆ ಬೇಡ ಎಂಬುದನ್ನು ಟೊಪ್ಪಿಗೆಯಲ್ಲಿ ಚೀಟಿ ಹಾಕಿ ಎತ್ತಿಸಿದ್ದ. ಯಾವುದನ್ನು ಯಾವ ಹೊತ್ತಿಗೆ ಬಿತ್ತಬೇಕು ಎನ್ನುವುದಕ್ಕೂ ಚೀಟಿ! ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಆಗ ಕಾಶೆವ್ವ ಹತ್ತರಗಿಯಲ್ಲಿ ಸೋದರಮಾವನ ಮನೆಯಲ್ಲಿದ್ದಳು, ಬಿತ್ತಿಗೆಯ ಹಿಂದಿನ ದಿನವಷ್ಟೇ ತಿರುಗಿ ಬಂದಿದ್ದಳು. ಚೀಟಿ ಎತ್ತಿಸಿ ಶಿದ್ರಾಮ ಪುಣೆಗೆ ಹೋದವನು ತಿಂಗಳ ಮೇಲೆ ಇಂದೇ ಬಂದದ್ದು.

"ನಾನ ಹಾಕೇನ್ರಿ," ಎಂದಳು ಕಾಶೆವ್ವ.

ಅವನು ತಲೆ ಎತ್ತಿದ. ಬೈಯಲು ತೆರೆದ ಬಾಯಿ ಹಾಗೆಯೇ ನಿಂತಿತು. ಕಟ್ಟುಮಸ್ತಾದ ಹುಡುಗಿ, ಇಳಕಲ್ಲ ಸೀರೆಯ ಕಚ್ಚೆ, ಹಣೆಯ ಮೇಲೆ ವಿಭೂತಿ, ಮುಖದಲ್ಲಿ ಹೆದರಿಕೆಯ ಸುಳಿವೂ ಇಲ್ಲ.

"ನೀವು? ನೀವು ಹಾಕೀರಿ?"

ಊರಲ್ಲಿ ಯಾರೂ ಕಾಶೆವ್ವನಿಗೆ 'ನೀವು' ಎಂದವರಿರಲಿಲ್ಲ. ಅದೂ ಸಿಟ್ಟಿನಲ್ಲಿ! ಸಿಟ್ಟು ಬಂದಾಗಲೂ ಮರ್ಯಾದೆ ಬಿಡದ ಮನುಷ್ಯ ಎಂದು ಮನಸ್ಸಿನ ಮೂಲೆಯಲ್ಲಿ ಒಂದು ಗುರುತು ಹಾಕಿಕೊಂಡಳು.

"ಬರೀ ಜೋಳ ಬಿತ್ರಿ ಅಂತ ದುಂಡಪ್ಪ ಕಾಕಾಗ ಮೂರು ಸಲ ಹೇಳಿದ್ದೆ."

"ಬರೀ ಜೋಳಾನ ಬಿತ್ತೇವಲ್ರಿ. ಅಕ್ಕಡಿ ಬಿಟ್ಟೇನಿ, ಅಷ್ಟ."

"ಅಕ್ಕಡಿ ಅಂದ್ರ ಕಡಲಿ. ಕಡಲಿ ಜೋಳ ಅಲ್ಲ!"

"ಮಾಸ್ತರ, ನಿಮ್ಮನ್ಯಾಗ ಊಟಕ್ಕ ರೊಟ್ಟಿ ಮಾಡ್ರಿ ಅಂದ್ರ ಬರೀ ರೊಟ್ಟಿ ಮಾಡಿ ಇಡ್ತಾರೇನ್ರಿ? ಪಲ್ಯಾ, ಚಟ್ನಿ ಮಾಡ್ರಿ ಅಂತ ಬ್ಯಾರೆ ಹೇಳಬೇಕೇನು?"

ಕೂರಿಗೆ ಹೂಡಿದ ಗಂಡಸಿನ ಹಿಂದೆ ಹೆಂಗಸು ಉಡಿಯಲ್ಲಿ ಬೇರೆ ಕಾಳು ಕಟ್ಟಿಕೊಂಡು, ನಾಲ್ಕಾರು ಸಾಲಿಗೊಂದು ಸಾಲು ಅದನ್ನು ಬಿಡುತ್ತ ಹೋಗುವುದು ಅಜ್ಜಿ ಮುತ್ತಜ್ಜಿಯರ ಕಾಲದಿಂದ ಬಂದದ್ದು. ಆ ಸಾಲೇ ಅಕ್ಕಡಿ. ಅದನ್ನು ಬಿಡಬೇಡಿ ಎಂದು ಬಾಯಿಬಿಟ್ಟು ಹೇಳಬೇಕೆಂದು ಪುಣೆಯ ಕಾಲೇಜಿನಲ್ಲಿ ಶಿದ್ರಾಮನಿಗೆ ಯಾರೂ ಕಲಿಸಿರಲಿಲ್ಲ.

"ಭೂಮಿತಾಯಿಗಿ ಒಂದ ಕಾಳಿನ ಉಡಿ ತುಂಬಬಾರದು ಅಂತ ನಮ್ಮವ್ವ ಹೇಳ್ತಿದ್ಲು," ಎಂದಳು ಕಾಶೆವ್ವ. ಅವ್ವ ತೀರಿಹೋಗಿ ಐದು ವರ್ಷವಾಗಿತ್ತು. ಆಕೆಯ ಮಾತು ಮಾತ್ರ ಮಗಳ ಕೈಯಲ್ಲಿ ಉಳಿದಿತ್ತು.

"ಹಂಗಾದ್ರ ಎಂಟೂ ತುಂಡಿಗಿ ಹಾಕಬೇಕಿಲ್ಲ? ಮೊದಲ ಬಿತ್ತಿದ ನಾಲ್ಕಕ್ಕ ಐತಿ, ಉಳಿದ ನಾಲ್ಕಕ್ಕ ಇಲ್ಲ."

"ಉಡ್ಯಾಗಿನ ಕಾಳು ತೀರಿದ್ವುರಿ."

ಶಿದ್ರಾಮನಿಗೆ ನಗು ಬಂದಿತು. ಬಂದ ನಗುವಿನ ಮೇಲೇ ಸಿಟ್ಟು ಬಂದಿತು. ಎದ್ದು ಕೋಟಿನ ತೋಳು ಮೇಲೆ ಏರಿಸಿದ. "ಎಲ್ಲಾ ಕಿತ್ತ ಹಾಕತೇನಿ."

"ಕಿತ್ರಿ ಅಂದ್ರ ಜೋಳದ ಬೇರು ಅಲುಗ್ತಾವ. ಆಮ್ಯಾಲ ನಿಮ್ಮ ಪ್ರಯೋಗಕ್ಕ ಗೋಳು ಹೊಯ್ಕೋಬೇಕು." ಬುತ್ತಿಯನ್ನು ಇಳಿಸಿ, ಬೆರಳು ಮಡಚುತ್ತ ಬಂದಳು. "ಇಲ್ಲಿ ಕೇಳ್ರಿ. ಅಕ್ಕಡಿ ಇದ್ದ ನಾಲ್ಕು ತುಂಡಿನಾಗ ಎರಡಕ್ಕ ಗೊಬ್ಬರ ಐತಿ, ಎರಡಕ್ಕ ಇಲ್ಲ. ಅಕ್ಕಡಿ ಇಲ್ಲದ್ದರಾಗೂ ಎರಡಕ್ಕ ಐತಿ, ಎರಡಕ್ಕ ಇಲ್ಲ. ಎಲ್ಲಾ ನಿಮ್ಮ ಚೀಟಿ ಪುಣ್ಯ. ನೀವು ಒಂದು ಕೇಳಿದ್ರಿ, ಹೊಲ ಎರಡು ಹೇಳತೈತಿ. ಬೈಯೂದ್ಯಾಕ?"

ಶಿದ್ರಾಮ ಆಕೆಯ ಮಡಚಿದ ಬೆರಳುಗಳನ್ನು ನೋಡಿದ. ಎರಡು ಕಾರಣಗಳನ್ನು ಒಟ್ಟಿಗೆ ಹೀಗೆ ನಾಲ್ಕು ಬಗೆ ಮಾಡಿ ಪರೀಕ್ಷಿಸುವ ಹೊಸ ಪದ್ಧತಿಯನ್ನು ಅವನು ಆ ತಿಂಗಳಷ್ಟೇ ಪುಣೆಯಲ್ಲಿ ಕೇಳಿ ಬಂದಿದ್ದ. ಅರ್ಧ ಅರ್ಥವಾಗಿತ್ತು, ಅರ್ಧ ಆಗಿರಲಿಲ್ಲ. ಈ ಹುಡುಗಿ ಬುತ್ತಿ ಇಳಿಸಿ ಬೆರಳ ಮೇಲೆ ಮಾಡಿ ತೋರಿಸಿಬಿಟ್ಟಳು.

"ಸಾಲಿ ಕಲ್ತೀರೇನು?"

"ಮುಲ್ಕಿ ಪಾಸು, ಏಳನೇ ಇಯತ್ತಾ ಮುಗಿಸೇನಿ. ಮೂಡಲಗ್ಯಾಗ ನಾನ ಮೊದಲನೇ ಹುಡುಗಿ," ಎಂದು ಕಾಶೆವ್ವ ಗದ್ದ ಎತ್ತಿದಳು. ಅದನ್ನು ಹೇಳುವಾಗ ಆಕೆ ಯಾವಾಗಲೂ ಗದ್ದ ಎತ್ತುತ್ತಿದ್ದಳು.

ಆ ಗದ್ದ ನೋಡಿಯೇ ಶಿದ್ರಾಮ ಕಡಲೆ ಕೀಳುವುದನ್ನು ಬಿಟ್ಟ ಎಂದು ಶೆಟ್ಟೆವ್ವ ಆಮೇಲೆ ಊರೆಲ್ಲ ಹೇಳಿದಳು. ಶೆಟ್ಟೆವ್ವ ದುಂಡಪ್ಪನ ಅಕ್ಕ, ಕಾಶೆವ್ವನ ಸೋದರತ್ತೆ. ಬಾಯಲ್ಲಿ ಎಲೆ-ಅಡಿಕೆ ಇಲ್ಲದ ಹೊತ್ತಿನಲ್ಲಿ ಆಕೆಯನ್ನು ಕಂಡವರಿಲ್ಲ.

*

ಹದಿನೈದು ದಿನಕ್ಕೊಮ್ಮೆ ಶಿದ್ರಾಮ ಬರತೊಡಗಿದ. ಹುಕ್ಕೇರಿಯಿಂದ ಸೈಕಲ್ ತುಳಿದು, ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಕೆಲಸಕ್ಕಿದ್ದ ಅಕ್ಕನ ಗಂಡನ ಮನೆಯಲ್ಲಿ ಮಲಗಿ, ಮುಂಜಾನೆ ಗಿರಣಿಯ ಭೋಂಗಾ ಕೂಗಿದ ಕೂಡಲೇ ಎದ್ದು ಮೂಡಲಗಿ ದಾರಿ ಹಿಡಿಯುತ್ತಿದ್ದ. ಸೈಕಲ್ ಹಿಡಿಕೆಗೆ ಒಂದು ಚೀಲ. ಅದರಲ್ಲಿ ಅಳತೆ ಪಟ್ಟಿ, ಚೌಕಳಿ ಕಾಗದ, ಮತ್ತು ಗೋಕಾಕದ ಕರದಂಟಿನ ಒಂದು ಪೊಟ್ಟಣ.

"ಕರದಂಟು ಯಾರಿಗ್ರಿ, ಜೋಳಕ್ಕೋ ಕಡಲಿಗೋ?" ಎನ್ನುತ್ತಿದ್ದಳು ಕಾಶೆವ್ವ.

"ಲೆಕ್ಕ ಇಟ್ಟವರಿಗಿ."

ಲೆಕ್ಕದ ವಹಿ ಕಾಶೆವ್ವನ ಕೈಗೆ ಬಂದಿತ್ತು. ಯಾವ ತುಂಡಿನಲ್ಲಿ ಜೋಳ ಎಷ್ಟು ಗೇಣು, ಎಷ್ಟು ತೆನೆ, ಕಡಲೆ ಹೂ ಬಿಟ್ಟದ್ದು ಯಾವಾಗ, ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಡುತ್ತಿದ್ದಳು. ಶಿದ್ರಾಮ ವಹಿ ತಿರುವುತ್ತ ಅಕ್ಷರ ನೋಡುತ್ತಿದ್ದನೋ ಅಂಕಿ ನೋಡುತ್ತಿದ್ದನೋ ದೇವರೇ ಬಲ್ಲ. ಒಂದು ಪುಟ ಮುಗಿಸಲು ಅವನಿಗೆ ಅರ್ಧ ತಾಸು ಬೇಕಾಗುತ್ತಿತ್ತು. ಬದುವಿನ ಮೇಲೆ ಕೂತ ಶೆಟ್ಟೆವ್ವ ಕೆಮ್ಮಿದಾಗ ಪುಟ ತಿರುಗುತ್ತಿತ್ತು.

ಒಮ್ಮೆ ತೆನೆ ಎಣಿಸುವಾಗ ಇಬ್ಬರೂ ಒಂದೇ ಸಾಲಿನ ಎರಡು ತುದಿಯಿಂದ ಬಂದು ನಡುವೆ ಮುಖಾಮುಖಿ ಆದರು. ಜೋಳ ತಲೆಯೆತ್ತರ ಬೆಳೆದಿತ್ತು. ಶಿದ್ರಾಮನ ಟೊಪ್ಪಿಗೆ ಒಂದು ತೆನೆಗೆ ಸಿಕ್ಕು ಹಿಂದೆಯೇ ತೂಗಾಡುತ್ತಿತ್ತು, ಅವನಿಗೆ ಗೊತ್ತೇ ಇರಲಿಲ್ಲ.

"ಮಾಸ್ತರ, ನಿಮ್ಮ ಜೋಳ ಟೊಪಿಗಿ ಹಾಕ್ಕೊಂಡೈತಿ. ಅದನ್ನ ಎಷ್ಟ ತೆನಿ ಅಂತ ಬರಕೊಳ್ಳಲಿ?"

ಅವನು ನಕ್ಕ. ಟೊಪ್ಪಿಗೆಯಿಲ್ಲದ ತಲೆಯಲ್ಲಿ ಅವನು ಶಾಲೆ ತಪ್ಪಿಸಿದ ಹುಡುಗನ ಹಾಗೆ ಕಂಡ. ಕಾಶೆವ್ವನಿಗೆ ತಾನು ಎಣಿಸಿದ್ದು ಮರೆತೇ ಹೋಯಿತು. ಹುಟ್ಟಿದಾಗಿನಿಂದ ಲೆಕ್ಕ ಮರೆತವಳಲ್ಲ ಆಕೆ! ಸಾಲಿನ ತುದಿಗೆ ಹೋಗಿ ಮೊದಲಿನಿಂದ ಎಣಿಸಿದಳು, ಯಾಕೆಂದು ಅವನಿಗೆ ಹೇಳಲಿಲ್ಲ.

ರಾಶಿಗೆ ಮುಂಚೆ ಶಿದ್ರಾಮ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ತೋರಿಸಿದ್ದ. ಗೊಬ್ಬರ ಇಷ್ಟು ಹೆಚ್ಚು ಕೊಡುತ್ತದೆ. ಅಕ್ಕಡಿ ಇಷ್ಟು ಹೆಚ್ಚು ಕೊಡುತ್ತದೆ. ಎರಡೂ ಇದ್ದ ತುಂಡಿನಲ್ಲಿ ಎರಡನ್ನೂ ಕೂಡಿಸಿದಷ್ಟು ಬರಬೇಕು. ಕಾಶೆವ್ವ ಒಪ್ಪಿದ್ದಳು. ಮುಲ್ಕಿ ಪಾಸಾದವರು ಕೂಡಿಸುವ ಲೆಕ್ಕಕ್ಕೆ ಯಾಕೆ ತಕರಾರು ತೆಗೆದಾರು?

*

ಮಾಘ ಮುಗಿಯುವ ಹೊತ್ತಿಗೆ ರಾಶಿಯಾಯಿತು. ಕಡಲೆಯನ್ನು ಮೊದಲೇ ಕಿತ್ತು ಬಡಿದು ತುಂಡಿಗೊಂದು ಚೀಲ ಕಟ್ಟಿಟ್ಟಿದ್ದರು. ಜೋಳವನ್ನೂ ತುಂಡಿಗೊಂದು ಸಲ ಬೇರೆಬೇರೆ ತುಳಿಸಿ ತೂರಿದರು. ಒಂದೆಕರೆಗೆ ಎಂಟು ರಾಶಿ! ದುಂಡಪ್ಪನ ಎತ್ತುಗಳಿಗೂ ಇದೇನು ಹುಚ್ಚು ಅನ್ನಿಸಿರಬೇಕು.

ಅಳೆಯುವವಳು ಕಾಶೆವ್ವ. ಅಪ್ಪನ ಕಣ್ಣು ಮಂಜಾದ ಮೇಲೆ ಆಕೆಯೇ ಅಳೆಯುತ್ತಿದ್ದಳು. ಆಕೆಯ ಕೈ ಎಷ್ಟು ನೆಟ್ಟಗೆಂದರೆ ಮೂಡಲಗಿಯ ಹತ್ತು ಮನೆಯವರು ತಮ್ಮ ಕಣಕ್ಕೂ ಆಕೆಯನ್ನೇ ಕರೆಯುತ್ತಿದ್ದರು. ಹೆಣ್ಣುಮಗಳನ್ನು ಅಳತೆಗೆ ಕರೆಯುವುದೆಂದರೆ ಸಣ್ಣ ಮಾತಲ್ಲ. ಕಾಶೆವ್ವನ ಹೆಮ್ಮೆಯೆಲ್ಲ ಆ ಸೇರಿನಲ್ಲಿತ್ತು.

ಕಣದ ರೀತಿ ಎಲ್ಲರಿಗೂ ಗೊತ್ತು. ಅಳೆಯುವಾಗ ಯಾರೂ ಮಾತಾಡಬಾರದು. ಅಳೆಯುವವರಂತೂ ಎಣಿಕೆ ಬಿಟ್ಟು ಇನ್ನೊಂದು ಶಬ್ದ ಆಡಬಾರದು. ಮೊದಲ ಸೇರಿಗೆ 'ಒಂದು' ಅನ್ನುವಂತಿಲ್ಲ, 'ಲಾಭ' ಅನ್ನಬೇಕು. ಲಾಭ, ಎರಡು, ಮೂರು ಎಂದು ಮುಂದೆ ಹೋಗಬೇಕು.

ಜೋಳ, ಕಡಲೆ ಎರಡೂ ಕೂಡಿಸಿದ ಕಾಳು ತುಂಡಿಗೆ ಸರಾಸರಿ ಹೀಗೆ ಬಂದಿತು. ಗೊಬ್ಬರವೂ ಇಲ್ಲದ ಅಕ್ಕಡಿಯೂ ಇಲ್ಲದ ತುಂಡು ನಲವತ್ತು ಸೇರು. ಬರೀ ಗೊಬ್ಬರದ್ದು ನಲವತ್ತೆಂಟು, ಅಂದರೆ ಎಂಟು ಹೆಚ್ಚು. ಬರೀ ಅಕ್ಕಡಿಯದು ನಲವತ್ನಾಲ್ಕು, ನಾಲ್ಕು ಹೆಚ್ಚು. ಎಂಟು ನಾಲ್ಕು ಹನ್ನೆರಡು, ಎರಡೂ ಇದ್ದ ತುಂಡಿಗೆ ಐವತ್ತೆರಡು ಬರಬೇಕು. ಶಿದ್ರಾಮ ಐವತ್ತೆರಡು ಎಂದು ಮೊದಲೇ ಬರೆದಿಟ್ಟುಕೊಂಡು ಕೂತಿದ್ದ.

ಆ ತುಂಡಿನ ಕಡಲೆಯನ್ನು ಮೊದಲು ಅಳೆದು, ಅದೇ ಎಣಿಕೆಯನ್ನು ಜೋಳದ ರಾಶಿಗೆ ಮುಂದುವರಿಸಿದ ಕಾಶೆವ್ವ ಐವತ್ತೆರಡು ದಾಟಿದಳು. ಐವತ್ತೈದು. ಅರವತ್ತು. ಅರವತ್ಮೂರಕ್ಕೆ ರಾಶಿ ಮುಗಿಯಿತು. ಅಂಥದೇ ಎರಡನೆಯ ತುಂಡಿನದೂ ಅರವತ್ಮೂರೇ ಆಯಿತು.

ಶಿದ್ರಾಮ ವಹಿ ನೋಡಿದ, ರಾಶಿ ನೋಡಿದ, ಮತ್ತೆ ವಹಿ ನೋಡಿದ. ಆಮೇಲೆ ಆಡಬಾರದ ಮಾತನ್ನು ಆಡಿದ.

"ಕಾಶೆವ್ವಾರ... ಲಾಭ ಅಂದ ಮ್ಯಾಲ 'ಎರಡು' ಬಿಟ್ಟು 'ಮೂರು' ಅಂದಿದ್ರೇನು? ನಡುವ ಒಂದು ಹತ್ತು ಹಾರಿಸಿದ್ರೂ ಹಾರಿಸಿರಬಹುದು. ಹತ್ತು, ಒಂದು, ಹನ್ನೊಂದು. ಸರಿಹೋಗ್ತೈತಿ."

ಕಣದಲ್ಲಿದ್ದ ಐದಾರು ಮಂದಿಯೂ ಆಕೆಯತ್ತ ತಿರುಗಿದರು. ಕಾಶೆವ್ವನಿಗೆ ಮೈಯೆಲ್ಲ ಬೆಂಕಿ ಬಿದ್ದಂತಾಯಿತು. ಇದೇ ಮಾತನ್ನು ಬೇರೆಯವರು ಆಡಿದ್ದರೆ ನಾಲ್ಕು ಮಾತು ಬೈದು ಮುಗಿಸುತ್ತಿದ್ದಳು. ಆಡಿದವನು ಇವನು, ಅದಕ್ಕೇ ಸೇರನ್ನೇ ಕೈಗೆತ್ತಿಕೊಂಡಳು.

"ಎರಡೂ ತುಂಡಿನಾಗ ಒಂದ ಜಾಗಾದಾಗ ಒಂದ ತಪ್ಪ ಮಾಡಾಕ ನಾ ಏನು ಗಾಣದ ಎತ್ತೇನ್ರಿ?" ಸೇರನ್ನು ಅವನ ಮುಂದೆ ಕುಕ್ಕಿದಳು. "ತಗೋರಿ. ನೀವ ಅಳೀರಿ. ಎಲ್ಲಾರ ಮುಂದ ಅಳೀರಿ."

ಶಿದ್ರಾಮ ಅಳೆದ. ಲಾಭ, ಎರಡು, ಮೂರು. ಐವತ್ತೆರಡಾಯಿತು, ಅರವತ್ತಾಯಿತು. ಅರವತ್ಮೂರಕ್ಕೆ ಸೇರು ತಳ ಗೆಬರಿತು. ಎರಡನೆಯ ತುಂಡಿನದೂ ಕಾಶೆವ್ವ ಹೇಳಿದಷ್ಟೇ.

"ತಪ್ಪಾತ್ರಿ," ಎಂದ ಅವನು ತಲೆ ತಗ್ಗಿಸಿ.

"ನಿಮಗ ನನ್ನ ಲೆಕ್ಕ ಬೇಕಾಗಿದ್ದಿಲ್ಲ ಮಾಸ್ತರ. ನಿಮ್ಮ ಐವತ್ತೆರಡು ಬೇಕಾಗಿತ್ತು." ಕಾಶೆವ್ವ ಸೆರಗು ಕೊಡವಿ ಕಣದಿಂದ ಹೋದಳು. ಆ ದಿನ ಕರದಂಟಿನ ಪೊಟ್ಟಣ ಸೈಕಲ್ ಹಿಡಿಕೆಯಲ್ಲೇ ಉಳಿಯಿತು.

ಶಿದ್ರಾಮ ಕಣದಲ್ಲೇ ಕೂತ. ಕಳ್ಳತನವಾದ ಮನೆಯವನು ಹೀಗೆ ಕೂತಿರುತ್ತಾನೆ, ಇವನಿಗೆ ಹನ್ನೊಂದು ಸೇರು ಹೆಚ್ಚು ಬಂದಿತ್ತು!

"ಯಾರು ಕೊಟ್ರೀ ಹನ್ನೊಂದು ಸೇರು? ಗೊಬ್ಬರ ಎಂಟು ಕೊಟ್ಟೈತಿ. ಕಡಲಿ ನಾಲ್ಕು ಕೊಟ್ಟೈತಿ. ಉಳಿದಿದ್ದು ಯಾರದು?"

ಶೆಟ್ಟೆವ್ವ ಸಂಚಿ ಬಿಚ್ಚಿ ಎಲೆಗೆ ಸುಣ್ಣ ಸವರುತ್ತಿದ್ದಳು. "ತಮ್ಮಾ, ಬರೀ ಎಲಿ ತಿಂದ್ರ ಬಾಯಿ ಕೆಂಪ ಆಗತೈತೇನು?"

"ಇಲ್ಲ."

"ಬರೀ ಅಡಿಕಿ?"

"ಇಲ್ಲ."

"ಬರೀ ಸುಣ್ಣ ನೆಕ್ಕಿದ್ರ ನಾಲಿಗಿ ಸುಟ್ಟ ಹೋಗತೈತಿ. ಮೂರೂ ಕೂಡಿಸಿ ಅಗಿ, ಆವಾಗ ನೋಡು." ಆಕೆ ಕೆಂಪು ನಾಲಿಗೆ ಚಾಚಿ ತೋರಿಸಿದಳು. "ಈಗ ಹೇಳು, ಕೆಂಪು ಯಾರ ಮನೀದು? ಎಲೀದೋ ಅಡಿಕೀದೋ?"

ಶಿದ್ರಾಮ ಆ ನಾಲಿಗೆಯನ್ನು ಎಷ್ಟು ಹೊತ್ತು ನೋಡಿದನೆಂದರೆ ಶೆಟ್ಟೆವ್ವನಿಗೇ ನಾಚಿಕೆಯಾಗಿ ಬಾಯಿ ಮುಚ್ಚಿಕೊಂಡಳು.

*

ಯುಗಾದಿ ಮುಗಿದ ಮೇಲೆ ಹುಕ್ಕೇರಿಯಲ್ಲಿ ಸಂಘದ ಸಭೆ. ಹೊಲ ಕೊಟ್ಟವರೂ ಬರಬೇಕೆಂದು ದುಂಡಪ್ಪನಿಗೆ ಕಾಗದ ಬಂದಿತು. ಕೆಳಗೆ ಶಿದ್ರಾಮನ ಕೈಬರಹದಲ್ಲಿ ಒಂದು ಸಾಲು: 'ಅಳತೆ ಮಾಡಿದವರೂ ಬಂದರೆ ಉಪಕಾರ.'

"ನಾ ಬರೂದಿಲ್ಲ," ಎಂದಳು ಕಾಶೆವ್ವ.

ಅಷ್ಟರಲ್ಲಿ ಗೋಕಾಕ ಸಂತೆಯಿಂದ ಸುದ್ದಿ ಬಂದಿತ್ತು. ಸಂಘದ ಅಧ್ಯಕ್ಷ ಕೆಂಚಪ್ಪ ಸಾಹುಕಾರರಿಗೆ ಆ ಅರವತ್ಮೂರು ಹಿಡಿಸಿಲ್ಲವಂತೆ. ಅಳತೆ ಹೆಣ್ಣುಮಗಳು ಮಾಡಿದ್ದರಿಂದ ತಪ್ಪಾಗಿದೆ ಎಂದು ವರದಿಯಲ್ಲಿ ಅಚ್ಚು ಹಾಕಿಸುತ್ತಾರಂತೆ. ಅಚ್ಚಾಯಿತೆಂದರೆ ಮುಗಿಯಿತು. ಮೂಡಲಗಿಯ ಯಾವ ಕಣಕ್ಕೂ ಕಾಶೆವ್ವನನ್ನು ಮತ್ತೆ ಕರೆಯುವವರಿಲ್ಲ.

"ಬರತೇನಿ ನಡಿ ಅಪ್ಪಾ," ಎಂದಳು. ಉಪಕಾರ ಮಾಡಲಿಕ್ಕಲ್ಲ, ಜಗಳಕ್ಕೆ.

ಎರಡು ದಿನದ ಗಾಡಿ ದಾರಿ. ದಾರಿಯುದ್ದಕ್ಕೂ ಕಾಶೆವ್ವ ಆಡಬೇಕಾದ ಮಾತುಗಳನ್ನು ಬಾಯಿಪಾಠ ಮಾಡಿದಳು. ಸಂಘದ ಮನೆಯಲ್ಲಿ ಗಂಡಸರೇ ಗಂಡಸರು. ಶೆಟ್ಟೆವ್ವನ ಜೊತೆ ಬಾಗಿಲ ಬದಿಯ ಕಂಬದ ಹಿಂದೆ ನಿಂತಳು.

ಕೆಂಚಪ್ಪ ಸಾಹುಕಾರರು ಲೋಡಿಗೆ ಒರಗಿ, ತಬಕಿನಿಂದ ಎಲೆ ಎತ್ತಿಕೊಂಡು ಕೇಳಿದರು. "ಎಂಟು ನಾಲ್ಕು ಕೂಡಿದ್ರ ಹನ್ನೆರಡು. ಇಪ್ಪತ್ಮೂರು ಹೆಂಗ ಆಗತೈತಿ ಮಾಸ್ತರ? ಸಾಲಿ ಹುಡುಗರೂ ನಗ್ತಾರ. ಆ ಎರಡು ತುಂಡು ಹೊಡದ ಹಾಕ್ರಿ. ಹೆಣ್ಣಮಗಳ ಅಳತಿ, ತಪ್ಪಾಗೇತಿ ಅಂತ ಒಂದು ಗೆರಿ ಬರದ್ರ ಮುಗೀತು."

ಕಾಶೆವ್ವ ಕಂಬ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟಳು. ಬಾಯಿಪಾಠ ಮಾಡಿದ ಮಾತು ತುಟಿಗೆ ಬಂದಿತ್ತು. ಅಷ್ಟರಲ್ಲಿ ಶಿದ್ರಾಮ ಎದ್ದು ನಿಂತ.

"ಆ ಗೆರಿ ನಾ ಬರ್ಯಾಂಗಿಲ್ರಿ."

ಸಾಹುಕಾರರು ಎಲೆ ಅಗಿಯುತ್ತಲೇ ಅವನತ್ತ ತಿರುಗಿದರು.

"ಅಳತಿ ತಪ್ಪಿಲ್ಲ. ತಪ್ಪೈತಿ ಅಂತ ಸಂಶಯ ಪಟ್ಟಾವ ನಾನ ಮೊದಲನೇದಾವ. ಅವರು ಐದು ಮಂದಿ ಮುಂದ ಸೇರು ನನ್ನ ಕೈಯಾಗ ಕೊಟ್ರು. ನಾ ಅಳದೆ. ಒಂದು ಕಾಳು ಹೆಚ್ಚಿಲ್ಲ, ಕಡಿಮಿ ಇಲ್ಲ. ತಪ್ಪಿದ್ದು ಸೇರಲ್ರಿ, ನಾವು ಕೂಡಿಸಿದ ರೀತಿ."

"ಕೂಡಿಸೂದಕ್ಕ ಎಷ್ಟು ರೀತಿ ಅದಾವಪಾ?"

ಶಿದ್ರಾಮ ತಬಕನ್ನು ಮುಂದೆ ತಳ್ಳಿದ. "ಸಾಹುಕಾರ್ರ, ನಿಮ್ಮ ಬಾಯಿ ಕೆಂಪಾಗೇತಿ. ಅದರಾಗ ಎಲೀದು ಎಷ್ಟು, ಅಡಿಕೀದು ಎಷ್ಟು, ಸುಣ್ಣದ್ದು ಎಷ್ಟು ಬ್ಯಾರೆ ಮಾಡಿ ಹೇಳ್ರಿ. ನಾ ಆ ಹನ್ನೊಂದು ಸೇರು ಹೊಡದ ಹಾಕತೇನಿ."

ಮೊದಲು ಹಿಂದಿನ ಸಾಲಿನವರು ನಕ್ಕರು, ಆಮೇಲೆ ಮುಂದಿನವರು. ಸಾಹುಕಾರರು ಬಾಯಿ ಒರೆಸಿಕೊಂಡರು.

"ಈ ಮಾತು ನಂದಲ್ಲ, ಮೂಡಲಗಿ ಶೆಟ್ಟೆವ್ವಾರದು," ಎಂದ ಶಿದ್ರಾಮ. "ಗೊಬ್ಬರ ಕಡಲಿಗಿ ಬಲ ಕೊಟ್ಟಿರಬೇಕು, ಕಡಲಿ ನೆಲಕ್ಕ ಕೊಟ್ಟಿರಬೇಕು, ಅದು ಜೋಳಕ್ಕ ಮುಟ್ಟಿರಬೇಕು. ಖಚಿತ ಗೊತ್ತಿಲ್ಲರಿ ನನಗ. ಆದ್ರ ಹನ್ನೊಂದು ಸೇರು ಖರೆ. ವರದ್ಯಾಗ ಒಂದ ಗೆರಿ ಬರದೇನಿ, ಓದತೇನಿ." ಕಾಗದ ತೆಗೆದು ಓದಿದ. "'ಅಳತೆ ಮತ್ತು ಲೆಕ್ಕ: ಕಾಶೆವ್ವ ದುಂಡಪ್ಪ, ಮುಲ್ಕಿ ಪಾಸು, ಮೂಡಲಗಿ. ಈ ಪ್ರಯೋಗದಲ್ಲಿ ಕಡಲೆಯ ಸಾಲು ಸೇರಿಸಿದವರೂ ಇವರೇ.'"

ಕಂಬದ ಬದಿಯಲ್ಲಿ ಕಾಶೆವ್ವನ ಗದ್ದ ತಾನಾಗಿಯೇ ಮೇಲೆದ್ದಿತು. ಬಾಯಿಪಾಠ ಮಾಡಿದ ಬೈಗುಳಗಳೆಲ್ಲ ಎಲ್ಲಿ ಹೋದವೋ! ಕಣ್ಣು ಮಾತ್ರ ತುಂಬಿತು.

"ಒಂದ ವರ್ಷದ ಬೆಳಿ ನಂಬಾಕ ಆಗೂದಿಲ್ಲ," ಎಂದರು ಕೆಂಚಪ್ಪ ಸಾಹುಕಾರರು ಬಿಗುವಾಗಿ. "ಸಂಘ ಮತ್ತೊಂದು ವರ್ಷ ಹೊಲ ಹಿಡಿಯೂದಿಲ್ಲ."

ಆಗ ದುಂಡಪ್ಪ ಎದ್ದ. ಮಂಜುಗಣ್ಣಿನ ಮುದುಕ, ಸಭೆಯಲ್ಲಿ ಎಂದೂ ಬಾಯಿಬಿಟ್ಟವನಲ್ಲ. "ಹೊಲ ಸಂಘದ್ದಲ್ರಿ ಸಾಹುಕಾರ್ರ, ನಂದು. ಅಳತಿ ನನ್ನ ಮಗಳದು. ಬರೂ ವರ್ಷ ಎರಡೆಕರೆ ಬಿತ್ತತೇವಿ. ಬಂದು ನೋಡ್ರಿ."

ಸಭೆ ಮುಗಿದ ಮೇಲೆ ದುಂಡಪ್ಪ ಗಾಡಿ ಹೂಡುತ್ತಿದ್ದ. ಶೆಟ್ಟೆವ್ವನಿಗೆ ಒಮ್ಮಿಂದೊಮ್ಮೆಲೇ ಎತ್ತಿನ ಕೊಂಬು ನೋಡುವ ಕೆಲಸ ಬಿದ್ದು ಆ ಕಡೆ ಹೋದಳು. ಶಿದ್ರಾಮ ಬೇವಿನ ಮರದ ಕೆಳಗೆ ಬಂದು ನಿಂತ.

"ಸಿಟ್ಟು ಇಳೀತೇನ್ರಿ?"

"ಅರ್ಧ."

"ಉಳಿದ ಅರ್ಧ?"

"ಉಡ್ಯಾಗ ಐತಿ." ಕಾಶೆವ್ವ ನಗು ತಡೆದಳು.

ಅವನು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಕಾಶೆವ್ವಾರ, ನಾ ಒಬ್ಬಾವ ಇದ್ದಾಗ ಒಂದು ಲೆಕ್ಕದ ಮನುಷ್ಯಾ ಇದ್ದೆ, ಅಷ್ಟ. ನಿಮ್ಮ ಹೊಲಕ್ಕ ಬಂದ ಮ್ಯಾಲ ನನ್ನೊಳಗ ಏನೋ ಹೆಚ್ಚಿಗಿ ಬಂದೈತಿ. ಅದು ನಂದೂ ಅಲ್ಲ, ನಿಮ್ಮದೂ ಅಲ್ಲ. ಇಬ್ಬರೂ ಕೂಡಿದ್ದರದು. ನೀವಿಲ್ಲದ ಅದು ಇರೂದಿಲ್ಲ." ಒಂದು ಉಸಿರು ಎಳೆದುಕೊಂಡ. "ನಿಮ್ಮ ಮನಿಗಿ ಹಿರ್ಯಾರನ್ನ ಕಳಿಸಲೇನು?"

ಕಾಶೆವ್ವನಿಗೆ ಹೂಂ ಎನ್ನಲು ಒಂದು ಕ್ಷಣ ಸಾಕಿತ್ತು. ಆದರೆ ಕಣದಲ್ಲಿ ಐದು ಮಂದಿಯ ಮುಂದೆ ಬೆಂದ ಮುಖ ಇನ್ನೂ ನೆನಪಿತ್ತು. ಮೂಡಲಗಿಯ ಹೆಣ್ಣು ಅಷ್ಟು ಅಗ್ಗವಲ್ಲ.

"ಒಂದ ವರ್ಷದ ಬೆಳಿ ನಂಬಾಕ ಆಗೂದಿಲ್ಲರಿ ಮಾಸ್ತರ," ಎಂದಳು, ಸಾಹುಕಾರರ ದನಿಯಲ್ಲೇ. "ಮತ್ತೊಮ್ಮಿ ಬಿತ್ತೂನು. ಮತ್ತ ಹೆಚ್ಚಿಗಿ ಬಂತಂದ್ರ ಕಣಕ್ಕ ಬಂದು ಕೇಳ್ರಿ."

ಹೇಳಿ ಗಾಡಿ ಹತ್ತಿದಳು. ಗಾಡಿ ಹೊರಳುವ ತನಕ ತಿರುಗಿ ನೋಡಲಿಲ್ಲ. ಹೊರಳಿದ ಮೇಲೆ ನೋಡಿದಳು. ಅವನು ಅಲ್ಲೇ ಇದ್ದ.

*

ಮುಂದಿನ ಹಿಂಗಾರಿಗೆ ಎರಡೆಕರೆ, ಹದಿನಾರು ತುಂಡು, ಟೊಪ್ಪಿಗೆಯಲ್ಲಿ ಹದಿನಾರು ಚೀಟಿ. ಈ ಸಲ ಎತ್ತಿದವಳು ಕಾಶೆವ್ವ. ನಕ್ಕವರೆಲ್ಲ ಬದುವಿನ ಮೇಲೆ 'ನಮ್ಮ ಪ್ರಯೋಗ' ಎನ್ನುತ್ತ ನಿಂತಿದ್ದರು. ಕಡಲೆ ಎಲ್ಲಿ ಬೇಕೋ ಅಲ್ಲಿ ಬಿಟ್ಟಳು, ಉಡಿ ಈ ಸಲ ತೀರಲಿಲ್ಲ. ಇಡೀ ನಾಲ್ಕು ತಿಂಗಳು ಶಿದ್ರಾಮ ಹದಿನೈದು ದಿನಕ್ಕೊಮ್ಮೆ ಬಂದ, ತೆನೆ ಎಣಿಸಿದ, ಕರದಂಟು ಕೊಟ್ಟ. ಆ ಮಾತನ್ನು ಮಾತ್ರ ಎತ್ತಲಿಲ್ಲ. ಮಾತು ಕೊಟ್ಟರೆ ಹುಕ್ಕೇರಿಯವರೂ ಮಾತಿನವರೇ.

ರಾಶಿಯ ದಿನ ಕಣದ ಸುತ್ತ ಅರ್ಧ ಮೂಡಲಗಿ ನೆರೆದಿತ್ತು. ಹುಕ್ಕೇರಿಯಿಂದ ಒಂದು ಗಾಡಿ ಬಂದಿತ್ತು. ಅದರಲ್ಲಿ ಶಿದ್ರಾಮನ ತಂದೆ ಸೋಮಪ್ಪ ಮತ್ತು ಇಬ್ಬರು ಹಿರಿಯರು, ಕೈಯಲ್ಲಿ ಎಲೆ-ಅಡಿಕೆಯ ತಬಕು. ಹಿಂದಿನ ಗಾಡಿಯಲ್ಲಿ ಕೆಂಚಪ್ಪ ಸಾಹುಕಾರರೂ ಬಂದಿದ್ದರು, ಯಾರೂ ಕರೆಯದಿದ್ದರೂ.

ಆ ವರ್ಷ ಮಳೆ ಹಿಂದುಮುಂದಾಗಿತ್ತು. ಏನೂ ಹಾಕದ್ದು ಮೂವತ್ತಾರು ಸೇರು. ಬರೀ ಗೊಬ್ಬರ ನಲವತ್ಮೂರು. ಬರೀ ಅಕ್ಕಡಿ ಮೂವತ್ತೊಂಬತ್ತು. ಏಳು, ಮೂರು, ಹತ್ತು. ಎರಡೂ ಕೂಡಿದ್ದು ನಲವತ್ತಾರರ ಮೇಲೆ ಹೋಗಬೇಕು, ಹೋಗದಿದ್ದರೆ ಕಳೆದ ವರ್ಷದ್ದೆಲ್ಲ ಗಾಳಿಮಾತು. ಅಂಥ ನಾಲ್ಕು ರಾಶಿಯಲ್ಲಿ ಮೂರು ಅಳೆದಾಗಿತ್ತು. ಐವತ್ನಾಲ್ಕು, ಐವತ್ತೈದು, ಐವತ್ತಾರು. ಕೊನೆಯದೊಂದು ಉಳಿದಿತ್ತು.

ಕಾಶೆವ್ವ ಸೇರು ಹಿಡಿದಳು. "ಲಾಭ. ಎರಡು. ಮೂರು."

ರಾಶಿ ಇಳಿಯುತ್ತ ಬಂದಿತು. "ನಲವತ್ನಾಲ್ಕು. ನಲವತ್ತೈದು. ನಲವತ್ತಾರು."

ರಾಶಿ ಇನ್ನೂ ಗೇಣೆತ್ತರವಿತ್ತು. "ನಲವತ್ತೇಳು," ಎಂದಳು ಕಾಶೆವ್ವ.

ಶಿದ್ರಾಮನಿಗೆ ತಡೆಯಲಾಗಲಿಲ್ಲ. ಒಂದು ವರ್ಷ ತಡೆದವನು ಎಂಟು ಸೇರು ತಡೆಯಲಾರದೆ ಹೋದ! "ಕಾಶೆವ್ವಾರ, ಹೆಚ್ಚಿಗಿ ಬಂತಲ್ರಿ! ಕಣದಾಗ ಕೇಳು ಅಂದಿದ್ರಿ, ಕೇಳಾಕತ್ತೇನಿ. ಏನಂತೀರಿ?"

"ಅಳೆಯೂವಾಗ ಮಾತಾಡ್ತಾನ ನೋಡು ಹುಚ್ಚ!" ಎಂದು ಸೋಮಪ್ಪ ಹಣೆ ಬಡಿದುಕೊಂಡ. ಶೆಟ್ಟೆವ್ವ ಬಾಯಿಗೆ ಸೆರಗು ಒತ್ತಿಕೊಂಡಳು.

ಕಾಶೆವ್ವ ಮಾತಾಡುವಂತಿರಲಿಲ್ಲ. ಕಿವಿ ಕೆಂಪಾಯಿತು, ಕೈ ನಿಲ್ಲಲಿಲ್ಲ. "ನಲವತ್ತೆಂಟು." ಒಂದು ಸಲ ಅವನನ್ನು ನೋಡಿದಳು. "ನಲವತ್ತೊಂಬತ್ತು." ಮತ್ತೆ ನೋಡಲಿಲ್ಲ. ಐವತ್ತಾಯಿತು, ಐವತ್ತೊಂದಾಯಿತು. ಇಡೀ ಕಣಕ್ಕೆ ಕೇಳುವ ಹಾಗೆ, ಒಂದೊಂದನ್ನೂ ಬಿಡಿಸಿ, ಐವತ್ತೈದರ ತನಕ ಎಣಿಸಿದಳು. ನಲವತ್ತಾರು ಬರಬೇಕಾದಲ್ಲಿ ಐವತ್ತೈದು. ನಾಲ್ಕು ತುಂಡಿನ ಸರಾಸರಿಯೂ ಅಷ್ಟೇ.

"ಹೌದ್ರಿ," ಎಂದರು ಕೆಂಚಪ್ಪ ಸಾಹುಕಾರರು, ಎದ್ದು ನಿಂತು. "ಹೆಣ್ಣಮಗಳ ಅಳತಿ ಖರೆ."

ದುಂಡಪ್ಪನ ಮಂಜುಗಣ್ಣಿನಿಂದ ನೀರು ಇಳಿಯಿತು, ಅವನು ಒರೆಸಿಕೊಳ್ಳಲಿಲ್ಲ. ಜನ ಕೂಗಲು ಬಾಯಿ ತೆರೆದಿದ್ದರು. ಕಾಶೆವ್ವ ಕೈಯೆತ್ತಿ ತಡೆದಳು, ಅಳತೆ ಇನ್ನೂ ಮುಗಿದಿಲ್ಲ ಎನ್ನುವಂತೆ.

ಅಳೆದಿಟ್ಟ ರಾಶಿಗೆ ತಿರುಗಿ, ಸೇರನ್ನು ತುಂಬಾ ತುಂಬಿದಳು. ನೆಟ್ಟಗೆ ಶಿದ್ರಾಮನ ಮುಂದೆ ಬಂದು ನಿಂತಳು. ಅವನಿಗೆ ತಿಳಿಯಲಿಲ್ಲ. ಸೋಮಪ್ಪನೇ ಮಗನ ಹೆಗಲ ಮೇಲಿನ ಶಲ್ಯವನ್ನು ಎಳೆದು, ಅವನ ಎರಡು ಕೈಯಲ್ಲಿ ಜೋಳಿಗೆಯ ಹಾಗೆ ಹಿಡಿಸಿದ. ಕಾಶೆವ್ವ ಆ ಶಲ್ಯದಲ್ಲಿ ಜೋಳ ಸುರಿದಳು. ಗದ್ದ ಎತ್ತಿ, ಇಡೀ ಮೂಡಲಗಿ ಕೇಳುವ ಹಾಗೆ, ಹೊಸ ಎಣಿಕೆಯ ಮೊದಲ ಮಾತು ಹೇಳಿದಳು.

"ಲಾಭ."